ಮೂರ್ತಿ ಚಿಕ್ಕದು, ಭಾರ ಯಾರದು?

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬುದು ನಮ್ಮ ಗಾದೆ. ಮನುಷ್ಯರ ವಿಷಯದಲ್ಲಿ ಅದು ಹಲವು ಸಲ ನಿಜವಾಗಿದೆ. ಯಂತ್ರಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ನಿಜ ಎಂಬುದು ವಿಚಾರಮಾಡತಕ್ಕ ಪ್ರಶ್ನೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಯಂತ್ರಶಾಸ್ತ್ರವು ಜನರಿಗೆ ಕೊಡುತ್ತ ಬಂದಿರುವ ಭರವಸೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿರುವ ಒಂದು ಮಾತುಂಟು: ‘ಇನ್ನು ಮೇಲೆ ಅಷ್ಟು ದೊಡ್ಡದು ಬೇಡ, ಇಷ್ಟು ಚಿಕ್ಕದು ಸಾಕು.’ ಈ ಭರವಸೆ ನೆರವೇರಿತೆ, ಇಲ್ಲವೆ? ನೆರವೇರಿದ್ದರೆ ಅದರ ಬೆಲೆಯನ್ನು ತೆತ್ತವರು ಯಾರು? ಇದನ್ನು ತೂಗಿ ನೋಡುವುದಕ್ಕೆ ಒಂದೇ ಒಂದು ಸಾಧನದ ಚರಿತ್ರೆಯನ್ನು ಹಿಡಿದುಕೊಂಡರೆ ಸಾಕು. ಅದು ಬಾನುಲಿಯ ಏರಿಯಲ್. ಈಗ ನಾವೆಲ್ಲ ಆಂಟೆನಾ ಎಂದು ಕರೆಯುವ ವಸ್ತು. ಒಂದು ಕಾಲಕ್ಕೆ ಗೋಪುರಗಳ ಮೇಲೆ ಮೈಲಿಗಟ್ಟಲೆ ಹಬ್ಬಿದ್ದ ಈ ತಂತಿ ಇಂದು ಜೇಬಿನೊಳಗೆ, ಕಣ್ಣಿಗೂ ಕಾಣದಂತೆ ಅಡಗಿ ಕುಳಿತಿದೆ. ಮೇಲುನೋಟಕ್ಕೆ ಇದಕ್ಕಿಂತ ಪೂರ್ಣವಾಗಿ ಸಂದ ಮಾತು ಮತ್ತೊಂದಿಲ್ಲ.

ಆಂಟೆನಾ ಮೊದಲಿಗೆ ಅಷ್ಟು ದೊಡ್ಡದಾಗಿರಬೇಕಾಗಿದ್ದದ್ದು ಏಕೆ ಎಂಬುದನ್ನು ತಿಳಿಯದೆ ಈ ಕಥೆ ಅರ್ಥವಾಗುವುದಿಲ್ಲ. ಒಲೆಯ ಮುಂದೆ ಕುಳಿತು ಬೆರಳಾಡಿಸಿದರೆ ಬೆಂಕಿ ಹೊತ್ತದು; ಬೆರಳಿನ ಸುತ್ತಿನ ಗಾಳಿ ಅಲ್ಲಲ್ಲೇ ಸರಿದಾಡಿ ಸುಮ್ಮನಾಗುತ್ತದೆ. ಮೊರವನ್ನು ಬೀಸಿದರೆ ಮಾತ್ರ ಗಾಳಿ ಮುಂದಕ್ಕೆ ಹೊರಡುತ್ತದೆ. ವಿದ್ಯುತ್ತರಂಗಗಳ ವಿಷಯವೂ ಹಾಗೆಯೆ. ತಂತಿಯು ತರಂಗದ ಉದ್ದಕ್ಕೆ ಹೋಲಿಸಿದರೆ ತೀರ ಗಿಡ್ಡವಾದರೆ, ಅದರಲ್ಲಿ ಹರಿದ ಶಕ್ತಿ ಅದರ ಸುತ್ತಮುತ್ತಲೇ ಹೋಗಿ ಬಂದು ಮಾಡುತ್ತದೆಯೆ ಹೊರತು ದೂರಕ್ಕೆ ಹೊರಡುವುದಿಲ್ಲ. ತರಂಗದ ಉದ್ದದ ಕಾಲುಭಾಗವಾದರೂ ಎತ್ತರವಿರಬೇಕೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿದ್ದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸನ್ನೇ ತೆಗೆದುಕೊಳ್ಳಿ. ಆ ತರಂಗದ ಉದ್ದ ಸುಮಾರು 490 ಮೀಟರು. ಅದರ ಕಾಲುಭಾಗವೆಂದರೆ 122 ಮೀಟರು, ಅಂದರೆ ನಾನೂರು ಅಡಿ. ಆಂಟೆನಾ ‘ಚಿಕ್ಕದು’ ಅಥವಾ ‘ದೊಡ್ಡದು’ ಎಂಬುದನ್ನು ಮೊಳದಲ್ಲಿ ಅಳೆಯುವಂತಿಲ್ಲ. ಅದು ಹೊರಡಿಸುವ ಅಲೆಯ ಉದ್ದದಲ್ಲಿ ಅಳೆಯಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಸೋಜಿಗದ ಸಂಗತಿಯೆಂದರೆ, ಈ ಚರಿತ್ರೆ ಆರಂಭವಾದದ್ದು ಚಿಕ್ಕ ಆಂಟೆನಾಗಳಿಂದಲೇ. 1887-88ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ಮೊಟ್ಟಮೊದಲ ಬಾರಿಗೆ ಈ ತರಂಗಗಳನ್ನು ಹೊರಡಿಸಿ ಹಿಡಿದದ್ದು ಪಾಠಶಾಲೆಯ ಕೋಣೆಯೊಳಗೆ ಹಿಡಿಸುವಂಥ ಸಲಕರಣೆಗಳಿಂದ. ನಮ್ಮವರೇ ಆದ ಜಗದೀಶಚಂದ್ರ ಬೋಸರು ಇನ್ನೂ ಮುಂದೆ ಹೋದರು. 1895ರಲ್ಲಿ ಕಲ್ಕತ್ತೆಯಲ್ಲಿ ಅವರು ಗೋಡೆಗಳನ್ನು ದಾಟಿ ಹೋಗುವ ತರಂಗಗಳಿಂದ ಗಂಟೆ ಬಾರಿಸಿ ತೋರಿಸಿದರು. ಕೇವಲ ಐದು ಮಿಲಿಮೀಟರ್ ಉದ್ದದ ಅಲೆಗಳವರೆಗೂ ಅವರ ಪ್ರಯೋಗಗಳು ಸಾಗಿದವು. ಅವನ್ನು ಹಿಡಿಯಲು ಅವರು ಬಳಸಿದ್ದು ಅಂಗೈಯಲ್ಲಿ ಹಿಡಿಯಬಹುದಾದ ಕೊಳವೆಯ ಬಾಯಿಯಂಥ ಸಾಧನ. 1897ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಇದನ್ನೆಲ್ಲ ಪ್ರದರ್ಶಿಸಿ ಅವರು ವಿದ್ವಾಂಸರ ಮೆಚ್ಚಿಗೆಯನ್ನೂ ಪಡೆದರು. ಆದರೆ ಲೋಕಕ್ಕೆ ಆಗ ಬೇಕಾಗಿದ್ದದ್ದು ಕೋಣೆಯಿಂದ ಕೋಣೆಗೆ ಹೋಗುವ ಅಲೆಯಲ್ಲ, ಕಡಲಿನಿಂದ ಕಡಲಿಗೆ ಹೋಗುವ ಅಲೆ. ಚಿಕ್ಕದು ಮೊದಲು ಬಂದು ಬಾಗಿಲಲ್ಲಿ ಕಾದು ನಿಂತಿತು. ದೊಡ್ಡದು ಒಳಗೆ ನುಗ್ಗಿತು.

ಅದನ್ನು ನುಗ್ಗಿಸಿದವನು ಮಾರ್ಕೋನಿ. ಇಂಗ್ಲೆಂಡಿನ ಕಾರ್ನ್‌ವಾಲಿನ ಪೋಲ್ಡು ಎಂಬಲ್ಲಿ ಅವನು 200 ಅಡಿ ಎತ್ತರದ 20 ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ ಅವುಗಳಿಂದ ತಂತಿಗಳ ಜಾಲವನ್ನು ತೂಗುಹಾಕಿಸಿದ್ದನು. 1901ರ ಸೆಪ್ಟೆಂಬರಿನ ಬಿರುಗಾಳಿಗೆ ಆ ಕಂಬಗಳೆಲ್ಲ ನೆಲಕಚ್ಚಿದವು. ಛಲಬಿಡದೆ ತಾತ್ಕಾಲಿಕ ಏರ್ಪಾಡೊಂದನ್ನು ಮಾಡಿಕೊಂಡು, ಅದೇ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದ ಆಚೆಯ ನ್ಯೂಫೌಂಡ್ಲೆಂಡಿನಲ್ಲಿ ಗಾಳಿಪಟಕ್ಕೆ ಸುಮಾರು 500 ಅಡಿ ತಂತಿ ಕಟ್ಟಿ ಹಾರಿಸಿ, ಪೋಲ್ಡುವಿನಿಂದ ಬಂದ ಮೂರು ಚುಕ್ಕೆಗಳ ಸಂಕೇತವನ್ನು ಕೇಳಿದೆನೆಂದು ಅವನು ಸಾರಿದನು. ಅಂದು ನಿಜವಾಗಿ ಕೇಳಿಸಿತೇ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಅದರ ಪರಿಣಾಮದ ವಿಷಯದಲ್ಲಿ ವಾದವಿಲ್ಲ. ಉದ್ದನೆಯ ಅಲೆಯೇ ದೂರ ಹೋಗುತ್ತದೆ, ಉದ್ದನೆಯ ಅಲೆಗೆ ದೊಡ್ಡ ಏರಿಯಲ್ಲೇ ಬೇಕು ಎಂಬ ನಂಬಿಕೆ ಕಾಲು ಶತಮಾನದವರೆಗೆ ಬೇರೂರಿತು.

ಆ ನಂಬಿಕೆಯ ಶಿಖರವನ್ನು ಇಂದಿಗೂ ಸ್ವೀಡನ್ನಿನ ಗ್ರಿಮೆಟಾನಿನಲ್ಲಿ ಕಾಣಬಹುದು. 1924ರಲ್ಲಿ ಕೆಲಸ ಆರಂಭಿಸಿದ ಈ ಕೇಂದ್ರದಲ್ಲಿ 127 ಮೀಟರು ಎತ್ತರದ ಆರು ಉಕ್ಕಿನ ಗೋಪುರಗಳು ಸಾಲಾಗಿ ನಿಂತಿವೆ. ಎರಡು ಕಿಲೋಮೀಟರಿನಷ್ಟು ಉದ್ದಕ್ಕೂ ತಂತಿಗಳು ಹಾದುಹೋಗಿವೆ. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ದೊಡ್ಡ ಏರಿಯಲ್ಲನ್ನು ಕಂಡವರು ಬೆರಗಾಗುವುದು ಸಹಜ. ಆದರೆ ಅದರ ಅಲೆಯ ಉದ್ದ ಹದಿನೇಳು ಕಿಲೋಮೀಟರಿಗೂ ಹೆಚ್ಚು! ಗೋಪುರದ ಎತ್ತರ ಆ ಅಲೆಯ ನೂರನೆಯ ಒಂದು ಪಾಲೂ ಆಗುವುದಿಲ್ಲ. ಅಂದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಗ್ರಿಮೆಟಾನ್ ಒಂದು ‘ಚಿಕ್ಕ’ ಆಂಟೆನಾ. ಆ ಚಿಕ್ಕತನದ ಕೊರತೆಯನ್ನು ತುಂಬುವುದಕ್ಕೆ ಅಲೆಗ್ಸಾಂಡರ್‌ಸನ್ ಎಂಬ ಎಂಜಿನಿಯರನು 200 ಕಿಲೋವ್ಯಾಟಿನ ತಿರುಗುವ ಯಂತ್ರವನ್ನು ಕೂರಿಸಿ, ಪ್ರತಿ ಗೋಪುರದ ಬುಡದಲ್ಲಿಯೂ ತಂತಿಯನ್ನು ನೆಲಕ್ಕೆ ಇಳಿಸಿ ಹರಸಾಹಸ ಮಾಡಬೇಕಾಯಿತು. ಚಿಕ್ಕದಕ್ಕೆ ತೆರಬೇಕಾದ ತೆರಿಗೆಯ ಮೊದಲ ರಶೀದಿ ಇದೆಂದರೆ ತಪ್ಪಾಗಲಾರದು.

ಅಷ್ಟರಲ್ಲಿಯೇ ಮತ್ತೊಂದು ಕಡೆಯಿಂದ ಹೊಸ ಗಾಳಿ ಬೀಸಲಾರಂಭಿಸಿತ್ತು. 1912ರಲ್ಲಿ ಅಮೆರಿಕದ ಸರ್ಕಾರವು ಬಾನುಲಿಯ ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ ಅಲೆಗಳ ಕಡೆಗೆ ಅಟ್ಟಿತ್ತು. ಅವು ಯಾತಕ್ಕೂ ಬಾರದ ಅಲೆಗಳೆಂಬುದು ಆಗಿನ ತಿಳಿವಳಿಕೆ. ಬಂಜರುಭೂಮಿಯನ್ನು ಇನಾಮು ಕೊಟ್ಟಂತಾಯಿತು. ಆದರೆ ಅದೇ ಬಂಜರಿನಲ್ಲಿ ಹವ್ಯಾಸಿಗಳು ಬೆಳೆ ತೆಗೆದರು. 1921ರಲ್ಲಿ ಅವರ ಸಂಕೇತಗಳು ಅಟ್ಲಾಂಟಿಕ್ಕನ್ನು ದಾಟಿದವು. 1923ರಲ್ಲಿ ಎರಡು ದಡಗಳ ನಡುವೆ ಪರಸ್ಪರ ಸಂಭಾಷಣೆಯೇ ನಡೆಯಿತು. ಆಕಾಶದ ಮೇಲಿನ ವಿದ್ಯುತ್ಪದರವು ಕಿರಿಯಲೆಗಳನ್ನು ಮತ್ತೆ ಭೂಮಿಗೆ ಹಿಂತಿರುಗಿಸುತ್ತದೆ ಎಂಬ ರಹಸ್ಯ ಸ್ವಲ್ಪಕಾಲದಲ್ಲಿಯೇ ಬಯಲಾಯಿತು. ಮಾರ್ಕೋನಿಯ ಕಂಪನಿಯೇ ತನ್ನ ಹಳೆಯ ದಾರಿಯನ್ನು ಬಿಟ್ಟು ಕಿರಿಯಲೆಯನ್ನು ಹಿಡಿಯಿತು. 1926ರಲ್ಲಿ ಇಂಗ್ಲೆಂಡಿಗೂ ಕೆನಡಾಕ್ಕೂ, 1927ರಲ್ಲಿ ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ‘ಬೀಮ್’ ಎಂಬ ಹೊಸ ತಂತಿಸೇವೆ ನಡೆಯತೊಡಗಿತು. ಭಾರತದ ಕಡೆಯ ಕೇಂದ್ರಗಳು ಪುಣೆಯ ಸುತ್ತಲಿನಲ್ಲಿದ್ದವು. ಅದು ಎಷ್ಟು ಅಗ್ಗವಾಯಿತೆಂದರೆ, ಕಡಲಡಿಯ ತಂತಿಯ ಕಂಪನಿಗಳ ವ್ಯಾಪಾರ ಕುಸಿದು, 1929ರ ವೇಳೆಗೆ ಬ್ರಿಟನ್ನಿನಲ್ಲಿ ಎರಡನ್ನೂ ಒಂದೇ ಸಂಸ್ಥೆಯಾಗಿ ಕೂಡಿಸಬೇಕಾಯಿತು.

ಇಲ್ಲಿ ಭರವಸೆ ನೆರವೇರಿತು ಎನ್ನೋಣವೆ? ಅಲೆಯೇನೋ ನೂರಾರು ಪಟ್ಟು ಕಿರಿದಾಯಿತು. ಏರಿಯಲ್ ಮಾತ್ರ ಕಿರಿದಾಗಲಿಲ್ಲ. ಉಳಿದ ಜಾಗದಲ್ಲಿ ಎಂಜಿನಿಯರುಗಳು ಚಿಕ್ಕ ಚಿಕ್ಕ ತಂತಿಗಳನ್ನು ಎತ್ತರದ ಕಂಬಗಳ ನಡುವೆ ಪರದೆಯಂತೆ ಸಾಲುಸಾಲಾಗಿ ಇಳಿಬಿಟ್ಟು, ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಗುರಿಯಿಟ್ಟು ಕಳುಹಿಸಿದರು. ಉಳಿತಾಯವಾದದ್ದು ಸ್ಥಳದಲ್ಲಲ್ಲ, ಶಕ್ತಿಯಲ್ಲಿ. ಚಿಕ್ಕದಾಗಲು ಅವಕಾಶ ದೊರೆತಾಗಲೆಲ್ಲ ಮನುಷ್ಯನು ಚಿಕ್ಕದನ್ನೇ ಆರಿಸಿಕೊಳ್ಳುತ್ತಾನೆಂದು ತಿಳಿಯಬೇಕಾಗಿಲ್ಲ.

ನಮ್ಮ ನಾಡಿಗೆ ಬಾನುಲಿ ಬಂದದ್ದು ಇದರ ಬೆನ್ನಿಗೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟಿನ ಯಂತ್ರವೊಂದರ ಮೂಲಕ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆಲ್ಲ ಸಂದದ್ದು ಅಲ್ಲಿಂದ. ಧಾರವಾಡದ ಕೇಂದ್ರ 1950ರಲ್ಲಿಯೂ ಬೆಂಗಳೂರಿನದು 1955ರಲ್ಲಿಯೂ ಬಂದವು. ಆ ದಿನಗಳಲ್ಲಿ ರೇಡಿಯೋ ಕೊಂಡವರು ಪೆಟ್ಟಿಗೆಯೊಂದನ್ನೇ ಕೊಂಡರೆ ಆಗುತ್ತಿರಲಿಲ್ಲ. ಹಂಚಿನ ಮೇಲೆ ಎರಡು ಬಿದಿರುಗಳನ್ನು ನಿಲ್ಲಿಸಿ ತಂತಿ ಕಟ್ಟಬೇಕು. ಇಲ್ಲವೆ ಪಡಸಾಲೆಯ ಉದ್ದಕ್ಕೂ ತಾಮ್ರದ ಜಾಲರಿಪಟ್ಟಿಯನ್ನು ಎಳೆಯಬೇಕು. ಅಂಗಳದಲ್ಲಿ ಗುಂಡಿ ತೋಡಿ ‘ಅರ್ತು’ ಇಳಿಸಿ, ಬೇಸಗೆಯಲ್ಲಿ ಅದಕ್ಕೆ ಗಿಡಕ್ಕೆ ಎರೆಯುವಂತೆ ನೀರೆರೆಯಬೇಕು. ಇಷ್ಟಾದ ಮೇಲೆ ಸಂಜೆಯ ವಾರ್ತೆ.

ಈ ಕೈಂಕರ್ಯವನ್ನೆಲ್ಲ ಒಂದೇ ಏಟಿಗೆ ತಪ್ಪಿಸಿದ್ದು ಬೆರಳುಗಾತ್ರದ ಒಂದು ಕಪ್ಪು ಕಡ್ಡಿ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಸ್ನೂಕ್ ಎಂಬ ವಿಜ್ಞಾನಿಯ ಕಾರ್ಯದಿಂದ ರೂಪುಗೊಂಡ ಫೆರೈಟ್ ಎಂಬುದು ಕಬ್ಬಿಣದ ಆಕ್ಸೈಡಿನಿಂದಾದ ಒಂದು ಬಗೆಯ ಸುಟ್ಟ ಮಣ್ಣಿನ ವಸ್ತು. ಅದರ ಸುತ್ತ ತಂತಿಯ ಸುರುಳಿ ಸುತ್ತಿದರೆ ಅಯಸ್ಕಾಂತ ರೇಖೆಗಳನ್ನು ತನ್ನ ಕಡೆಗೆ ಸೆಳೆದು ಕೂಡಿಸಿಕೊಳ್ಳುತ್ತದೆ. 1954ರಲ್ಲಿ ಅಮೆರಿಕದಲ್ಲಿ ‘ರೀಜೆನ್ಸಿ’ ಎಂಬ ಮೊದಲ ಜೇಬು ಟ್ರಾನ್ಸಿಸ್ಟರ್ ರೇಡಿಯೋ ಮಾರಾಟಕ್ಕೆ ಬಂತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ರೈತರು ಹೊಲದ ಬದುವಿನ ಮೇಲೆ ಟ್ರಾನ್ಸಿಸ್ಟರನ್ನಿಟ್ಟುಕೊಂಡು ಕೃಷಿರಂಗವನ್ನು ಕೇಳುವಂತಾಯಿತು. ತಂತಿ ಬೇಡ, ಬಿದಿರು ಬೇಡ, ಗುಂಡಿ ಬೇಡ. ಜನಸಾಮಾನ್ಯರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಬಾನುಲಿಯು ಬೇರೆ ಮಾಡಿರಲಾರದು.

ಆದರೆ ನಾನೂರ ತೊಂಬತ್ತು ಮೀಟರಿನ ಅಲೆಯನ್ನು ಬೆರಳುದ್ದದ ಕಡ್ಡಿ ಹಿಡಿದದ್ದು ಹೇಗೆ? ಹಿಡಿದದ್ದು ಬಹಳ ಸ್ವಲ್ಪವನ್ನು ಎಂಬುದೇ ಉತ್ತರ. ಮಧ್ಯಮ ತರಂಗಗಳಲ್ಲಿ ಸಿಡಿಲು ಮಿಂಚುಗಳಿಂದ ಹುಟ್ಟಿದ ಗರಗರ ಸದ್ದು ಆಕಾಶದಲ್ಲೆಲ್ಲ ತುಂಬಿರುತ್ತದೆ. ಕಡ್ಡಿಯು ಹಾಡನ್ನು ಎಷ್ಟು ಕಡಮೆ ಹಿಡಿಯುತ್ತದೆಯೋ ಗರಗರವನ್ನೂ ಅಷ್ಟೇ ಕಡಮೆ ಹಿಡಿಯುತ್ತದೆ. ಎರಡನ್ನೂ ಟ್ರಾನ್ಸಿಸ್ಟರುಗಳು ಹಿಗ್ಗಿಸಿಕೊಡುತ್ತವೆ. ಹಾಡು ಗರಗರವನ್ನು ಮೀರಿ ನಿಲ್ಲಬೇಕಾದರೆ ಕಳುಹಿಸುವ ಕಡೆಯವರೇ ಗಟ್ಟಿಯಾಗಿ ಕೂಗಬೇಕು. ಆದ್ದರಿಂದಲೇ ಮೈಸೂರಿನ 30 ವ್ಯಾಟು ಇತಿಹಾಸವಾಗಿ, ಕಿಲೋವ್ಯಾಟುಗಳ ಕಾಲ ಬಂದು, 1970ರ ಸುಮಾರಿಗೆ ದೇಶದಲ್ಲಿ ಸಾವಿರ ಕಿಲೋವ್ಯಾಟಿನ ಮಧ್ಯಮ ತರಂಗ ಕೇಂದ್ರಗಳೇ ಎದ್ದವು. ಮನೆಯ ಮೇಲಿನ ಬಿದಿರು ಮಾಯವಾಗಲಿಲ್ಲ. ಊರಾಚೆಯ ಬಯಲಿನಲ್ಲಿ ಉಕ್ಕಿನ ಕಂಬವಾಗಿ ಬೆಳೆಯಿತು. ಅದೇ ಫೆರೈಟ್ ಕಡ್ಡಿಯಿಂದ ನಾವು ಆಕಾಶವಾಣಿಗೆ ಮರುಮಾತು ಕಳುಹಿಸಹೋದರೆ ಪಕ್ಕದ ಬೀದಿಯನ್ನೂ ದಾಟುವುದು ಕಷ್ಟ. ಕೇಳುವವನ ಹೊರೆಯನ್ನು ಹೇಳುವವನು ಹೊತ್ತುಕೊಂಡನು. ಇಲ್ಲಿ ಹೇಳುವವನು ಸರ್ಕಾರವಾದ್ದರಿಂದ, ಹೊರೆ ಎಲ್ಲರ ಮೇಲೂ ಹಂಚಿಹೋಯಿತು. ಇದು ನ್ಯಾಯವಾದ ಹಂಚಿಕೆಯೆಂದೇ ಹೇಳಬೇಕು.

ಹೊರೆಯನ್ನು ಹೀಗೆ ವರ್ಗಾಯಿಸಬಹುದೇ ಹೊರತು ಇಲ್ಲವಾಗಿಸಲಾಗದೆಂಬುದಕ್ಕೆ ಗಣಿತದ ಆಧಾರವೇ ಇದೆ. 1947ರಲ್ಲಿ ಹೆರಾಲ್ಡ್ ವ್ಹೀಲರ್ ಎಂಬ ಅಮೆರಿಕದ ಎಂಜಿನಿಯರನೂ, 1948ರಲ್ಲಿ ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಎಲ್. ಜೆ. ಚು ಎಂಬ ವಿದ್ವಾಂಸನೂ ಬೇರೆಬೇರೆಯಾಗಿ ಈ ಮಿತಿಯನ್ನು ತೋರಿಸಿಕೊಟ್ಟರು. ಆಂಟೆನಾಕ್ಕೆ ಮೂರು ವರಗಳನ್ನು ಬೇಡಬಹುದು: ಗಾತ್ರ ಚಿಕ್ಕದಾಗಿರಲಿ, ಕೊಟ್ಟ ಶಕ್ತಿಯೆಲ್ಲ ಹೊರಕ್ಕೆ ಹೋಗಲಿ, ಒಂದೇ ಸ್ವರಕ್ಕೆ ಅಂಟಿಕೊಳ್ಳದೆ ಅಗಲವಾದ ತರಂಗಪಟ್ಟಿಯಲ್ಲಿ ಕೆಲಸಮಾಡಲಿ. ಎರಡು ವರಗಳು ದೊರೆಯುತ್ತವೆ, ಮೂರನೆಯದನ್ನು ಬಿಟ್ಟುಕೊಡಬೇಕು. ಶಕ್ತಿಯನ್ನು ಪೋಲುಮಾಡದ ಒಂದು ಚಿಕ್ಕ ಆಂಟೆನಾವನ್ನು ಅರ್ಧಕ್ಕೆ ಇಳಿಸಿದರೆ, ಅದು ಕೆಲಸಮಾಡಬಲ್ಲ ಪಟ್ಟಿಯ ಅಗಲ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಪಾಲಾಗುತ್ತದೆ. ವಾಮನನು ಮೂರೇ ಹೆಜ್ಜೆ ನೆಲ ಕೇಳಿದಾಗ, ಇಷ್ಟೇ ತಾನೆ ಎಂದು ಧಾರೆಯೆರೆಯ ಹೊರಟ ಬಲಿಯನ್ನು ತಡೆದವನು ಶುಕ್ರಾಚಾರ್ಯ. ವ್ಹೀಲರ್ ಮತ್ತು ಚು ಅವರು ಆಂಟೆನಾಶಾಸ್ತ್ರದ ಶುಕ್ರಾಚಾರ್ಯರು. ಅವರ ಮಾತನ್ನೂ ಎಲ್ಲರೂ ಕೇಳಲಿಲ್ಲ.

ಕೇಳಿ, ಅರ್ಥಮಾಡಿಕೊಂಡು, ಹೊರೆಯನ್ನು ಎಲ್ಲಿಗೆ ಸಾಗಿಸಬೇಕೆಂದು ಮೊದಲೇ ಯೋಚಿಸಿ ನಡೆಸಿದ ಒಂದು ಪ್ರಯೋಗ ನಮ್ಮ ದೇಶದ್ದೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ ಕಾರ್ಯಕ್ರಮಗಳು ನೇರವಾಗಿ ಬಂದವು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗದಲ್ಲಿ ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಹಳ್ಳಿಯ ಶಾಲೆಯ ಮುಂದೆ ನಿಂತ ತಟ್ಟೆ ಮೂರು ಮೀಟರಿನದು. ಕೋಳಿಗೂಡಿಗೆ ಹಾಕುವಂಥ ಸಾಧಾರಣ ತಂತಿಬಲೆಯಿಂದ ಮಾಡಿದ್ದು. ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್ ಆದ್ದರಿಂದ ಬಲೆಯ ಚಿಕ್ಕ ಕಣ್ಣುಗಳು ಅದಕ್ಕೆ ಕಾಣಿಸುವುದೇ ಇಲ್ಲ. ಅಲೆಗೆ ಅದು ಇಡಿಯ ತಗಡೇ ಸರಿ. ಅಷ್ಟು ಅಗ್ಗದ ತಟ್ಟೆ ಸಾಕಾದದ್ದು ಹೇಗೆಂದರೆ, ಮೇಲೆ ಇದ್ದ ಅಮೆರಿಕದ ಎಟಿಎಸ್-6 ಉಪಗ್ರಹವು ಆಕಾಶಕ್ಕೆ ಹೋದ ಮೇಲೆ ಕೊಡೆಯಂತೆ ಬಿಚ್ಚಿಕೊಂಡ ಒಂಬತ್ತು ಮೀಟರಿನ ತಟ್ಟೆಯನ್ನು ಹೊತ್ತಿತ್ತು. ಹಳ್ಳಿಯ ತಟ್ಟೆಗಿಂತ ಆಕಾಶದ ತಟ್ಟೆ ಮೂರುಪಟ್ಟು ದೊಡ್ಡದು!

ಹೊಲದಿಂದ ಬಂದವರು ಸಂಜೆಯ ಹೊತ್ತಿಗೆ ಶಾಲೆಯ ಮುಂದೆ ಕುಳಿತು ಕನ್ನಡದ ಕಾರ್ಯಕ್ರಮಗಳನ್ನು ನೋಡಿದರು. ಮಾತು ಕೊಟ್ಟದ್ದು ಕೊಟ್ಟಂತೆಯೇ ನಡೆಯಿತು. ಆದರೆ ಉಪಗ್ರಹ ಎರವಲಿನದು. ವರ್ಷ ತುಂಬಿತು, ಅಮೆರಿಕದವರು ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು. ಹಳ್ಳಿಗಳಲ್ಲಿ ತಂತಿಬಲೆಯ ತಟ್ಟೆಗಳು ಬಾಯಿತೆರೆದುಕೊಂಡು ಬರಿಯ ಆಕಾಶವನ್ನು ನೋಡುತ್ತ ನಿಂತವು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ದೂರದರ್ಶನ ಕೇಂದ್ರ ಬಂದಿತಾದರೂ, ಅದರ ಗೋಪುರದ ದೃಷ್ಟಿಗೆ ಬೀಳುವಷ್ಟು ದೂರಕ್ಕೆ ಮಾತ್ರ ಅದರ ಪ್ರಸಾರ. ಹೊರೆಯನ್ನು ಬೇರೆಯವರ ಹೆಗಲಿಗೆ ಏರಿಸಿದವನು, ಆ ಹೆಗಲು ತನ್ನದಲ್ಲವೆಂಬುದನ್ನು ಮರೆಯಬಾರದು. ಮುಂದೆ ನಮ್ಮದೇ ಇನ್ಸಾಟ್ ಉಪಗ್ರಹಗಳು ಬಂದದ್ದರ ಹಿಂದೆ ಈ ಪಾಠವೂ ಇದ್ದಿರಬೇಕು.

ಈಗ ಸಲ್ಲದ ಭರವಸೆಗಳ ಕಡೆಗೆ ತಿರುಗೋಣ. 1989ರಲ್ಲಿ ಇಂಗ್ಲೆಂಡಿನ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ‘ಕ್ರಾಸ್ಡ್ ಫೀಲ್ಡ್ ಆಂಟೆನಾ’ ಎಂಬ ಹೊಸ ಸಾಧನದ ವಿವರಣೆ ಬಂತು. ಹೇಟ್ಲಿ ಮತ್ತು ಕಬ್ಬಾರಿ ಎಂಬಿಬ್ಬರು ಇದರ ಮುಖ್ಯ ಪ್ರವರ್ತಕರು. ವಿದ್ಯುತ್ ಕ್ಷೇತ್ರವನ್ನೂ ಅಯಸ್ಕಾಂತ ಕ್ಷೇತ್ರವನ್ನೂ ಪ್ರತ್ಯೇಕವಾಗಿ ಉಂಟುಮಾಡಿ ಒಂದರ ಮೇಲೊಂದು ಅಡ್ಡಲಾಗಿ ಹಾಯಿಸಿದರೆ ತರಂಗವು ಅಲ್ಲಿಯೇ ಹುಟ್ಟುತ್ತದೆ, ಎತ್ತರದ ಕಂಬದ ಅಗತ್ಯವೇ ಇಲ್ಲ, ಎಂಬುದು ಅವರ ವಾದ. ನೂರು ಮೀಟರಿನ ಕಂಬದ ಕೆಲಸವನ್ನು ಕಟ್ಟಡದ ಮಾಳಿಗೆಯ ಮೇಲಿನ ಕೆಲವೇ ಮೀಟರಿನ ಸಿಲಿಂಡರು ಮಾಡುತ್ತದೆಯೆಂದರೆ ಯಾರಿಗೆ ತಾನೆ ಆಸೆಯಾಗದು? ಈಜಿಪ್ಟಿನಲ್ಲಿ ಕೆಲವು ಪ್ರಸಾರಕೇಂದ್ರಗಳ ಮೇಲೆ ಇವನ್ನು ಕೂರಿಸಿದರು. ಬ್ರಿಟನ್ನಿನ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 279 ಕಿಲೋಹರ್ಟ್ಸಿನ ದೀರ್ಘತರಂಗ ಕೇಂದ್ರವೊಂದನ್ನು ಇದೇ ಆಂಟೆನಾದ ಬಲದಿಂದ ತೆರೆಯುವ ಯೋಜನೆಯೂ ಹುಟ್ಟಿತು. ಆ ತರಂಗಕ್ಕೆ ರೂಢಿಯ ಕಾಲುಭಾಗದ ಕಂಬವೆಂದರೆ ಸುಮಾರು 270 ಮೀಟರು. ಆ ಚೆಲುವಾದ ಪುಟ್ಟ ದ್ವೀಪದಲ್ಲಿ ಅಂಥ ಕಂಬವನ್ನು ಯಾರೂ ಬಯಸುವಂತಿರಲಿಲ್ಲ. ವರ್ಷಗಟ್ಟಲೆ ವಾದವಿವಾದಗಳು ನಡೆದವು. ಕೇಂದ್ರದಿಂದ ಪ್ರಸಾರ ಮಾತ್ರ ಹೊರಡಲೇ ಇಲ್ಲ. ಬೇರೆಬೇರೆ ಎಂಜಿನಿಯರುಗಳು ಸ್ವತಂತ್ರವಾಗಿ ಅಳೆದು ನೋಡಿದಾಗ ಆ ಆಂಟೆನಾ ತನ್ನ ಗಾತ್ರಕ್ಕೆ ತಕ್ಕಷ್ಟೇ ಕೆಲಸಮಾಡುತ್ತದೆಯೆಂದು ಕಂಡುಬಂತು. ಅದಕ್ಕೆ ಶಕ್ತಿಯನ್ನು ಒಯ್ಯುವ ಕೇಬಲ್ಲೂ, ಅದು ನಿಂತ ಕಟ್ಟಡದ ಲೋಹವೂ ಸೇರಿ ತರಂಗವನ್ನು ಹೊರಡಿಸುತ್ತಿರುತ್ತವೆ ಎಂಬುದು ವಿಮರ್ಶಕರ ವಿವರಣೆ. ಅಂದರೆ ಚಿಕ್ಕ ದೇವರ ಕೀರ್ತಿಗೆ ಕಾರಣ, ಹಿಂದಿದ್ದ ದೊಡ್ಡ ಗುಡಿ.

ಇನ್ನೊಂದು ಭರವಸೆ ಅರ್ಧ ಸಂದಿತು. ಫ್ರ್ಯಾಕ್ಟಲ್ ಎಂಬ, ತನ್ನೊಳಗೆ ತಾನೇ ಮತ್ತೆ ಮತ್ತೆ ಮಡಿಸಿಕೊಂಡ ಆಕೃತಿಗಳಿಂದ ಆಂಟೆನಾ ಮಾಡಬಹುದೆಂದು 1980ರ ದಶಕದ ಕೊನೆಯಲ್ಲಿ ಅಮೆರಿಕದ ನಾಥನ್ ಕೋಹೆನ್ ತೋರಿಸಿದರು. ನಮ್ಮ ಹೆಂಗಳೆಯರು ಇಡುವ ಎಳೆರಂಗೋಲಿಯಂತೆ ಉದ್ದನೆಯ ಗೆರೆಯನ್ನು ಚಿಕ್ಕ ಅಂಗಳದಲ್ಲಿ ಹಿಡಿಸುವ ಉಪಾಯ. ಗೆರೆ ಹಿಡಿಸಿತು; ಬಹು ಉಪಯುಕ್ತವಾದ ಆಂಟೆನಾಗಳೂ ಬಂದವು. ಆದರೆ ಈ ಆಕೃತಿಯಲ್ಲಿಯೇ ಏನೋ ಮಂತ್ರಶಕ್ತಿಯಿದೆಯೆಂಬ ಮಾತು ನಿಲ್ಲಲಿಲ್ಲ. ಅಷ್ಟೇ ಜಾಗದಲ್ಲಿ ಅಂಕುಡೊಂಕಾಗಿ ಮಡಿಸಿದ ಸಾದಾ ತಂತಿಯೂ ಸರಿಸುಮಾರು ಅದೇ ಫಲವನ್ನು ಕೊಡುತ್ತದೆಂದು ಸ್ಟೀವನ್ ಬೆಸ್ಟ್ ಎಂಬ ಎಂಜಿನಿಯರ್ 2003ರ ಸುಮಾರಿನ ಹೋಲಿಕೆಗಳಿಂದ ತೋರಿಸಿದರು.

ಕೊನೆಗೆ ನಮ್ಮ ಜೇಬಿನ ಫೋನಿಗೆ ಬರೋಣ. 1983ರಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದ ಮೋಟರೋಲಾದ ಮೊದಲ ಕೈಫೋನಿಗೆ ಇಟ್ಟಿಗೆಯ ಗಾತ್ರ, ಅದರ ತಲೆಯ ಮೇಲೊಂದು ಕಡ್ಡಿ. 1998ರ ಹೊತ್ತಿಗೆ ನೋಕಿಯಾ ಆ ಕಡ್ಡಿಯನ್ನು ಒಳಗೆ ಅಡಗಿಸಿತು. ಇದು ನಿಜವಾಗಿ ಸಂದ ಭರವಸೆಯೇ. 900 ಮೆಗಾಹರ್ಟ್ಸಿನ ಅಲೆಯ ಉದ್ದ 33 ಸೆಂಟಿಮೀಟರ್. ಅದರ ಕಾಲುಭಾಗ ಎಂಟು ಸೆಂಟಿಮೀಟರ್. ಫೋನು ಅದಕ್ಕಿಂತ ಉದ್ದವಿದೆ! ಒಳಗಿನ ಚಿಕ್ಕ ತಗಡಿನ ತುಂಡನ್ನು ನಾವು ಆಂಟೆನಾ ಎಂದು ಕರೆಯುತ್ತೇವೆ; ವಾಸ್ತವದಲ್ಲಿ ಫೋನಿನ ಲೋಹದ ಮೈಯೆಲ್ಲ ಅದರ ಜೊತೆಗೂಡಿ ತರಂಗವನ್ನು ಹೊರಡಿಸುತ್ತದೆ. ಹಿಡಿದ ಕೈ ಬದಲಾದರೆ ಸಂಕೇತವೂ ಏರಿಳಿಯುವುದು ಇದೇ ಕಾರಣದಿಂದ. ಉಳಿದ ಹೊರೆಯನ್ನು ಹೊತ್ತದ್ದು ಮಾಳಿಗೆಗಳ ಮೇಲೂ ಹೊಲಗಳ ನಡುವೆಯೂ ಎದ್ದ ಲಕ್ಷಗಟ್ಟಲೆ ಗೋಪುರಗಳು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋದಾಗ ಯಾರೂ ಗೋಪುರದ ಬಗ್ಗೆ ಕೇಳಲಿಲ್ಲ. ಆಮೇಲೆ ಅವುಗಳ ವಿಕಿರಣದ ಬಗ್ಗೆ ಜನರಲ್ಲಿ ಆತಂಕ ಹುಟ್ಟಿ, 2012ರಲ್ಲಿ ಸರ್ಕಾರವು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಅದನ್ನು ಇಳಿಸಬೇಕಾಯಿತು.

ಗೋಪುರವಿಲ್ಲದ ಕಡೆ ಫೋನು ಬರಿಯ ಗಡಿಯಾರ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಬಡಿದಾಗ ದ್ವೀಪಗಳ ಸಂಪರ್ಕವ್ಯವಸ್ಥೆ ಮುರಿದುಬಿತ್ತು. ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಹವ್ಯಾಸಿ ಬಾನುಲಿಯ ತಂಡವೊಂದು ಅದಾಗಲೇ ಪೋರ್ಟ್‌ಬ್ಲೇರಿನಲ್ಲಿ ಬೀಡುಬಿಟ್ಟಿತ್ತು. ಅವರ ಕಿರಿಯಲೆಯ ಆಂಟೆನಾಗಳು ನಡುವೆ ಯಾವ ಗೋಪುರದ ಹಂಗೂ ಇಲ್ಲದೆ ನೇರವಾಗಿ ಮುಖ್ಯಭೂಮಿಯನ್ನು ತಲುಪಿದವು. ಬದುಕಿದ್ದೇವೆ, ಕ್ಷೇಮವಾಗಿದ್ದೇವೆ ಎಂಬ ಸುದ್ದಿಗಳು ಮನೆಮನೆಗೆ ಮುಟ್ಟಿದ್ದು ಆ ದಾರಿಯಿಂದ. 1912ರಲ್ಲಿ ಬಂಜರಿಗೆ ಅಟ್ಟಿಸಿಕೊಂಡವರ ವಿದ್ಯೆ ಆ ದಿನ ಕೆಲಸಕ್ಕೆ ಬಂತು. ಮನೆಯ ಮೇಲಿನ ಅರವತ್ತು ಸೆಂಟಿಮೀಟರಿನ ಟೆಲಿವಿಷನ್ ತಟ್ಟೆಯದೂ ಇದೇ ಬಗೆ. ಅಲೆಯನ್ನು ಎರಡೂವರೆ ಸೆಂಟಿಮೀಟರಿಗೆ ಇಳಿಸಿದ್ದರಿಂದ ತಟ್ಟೆಯೇನೋ ಚಿಕ್ಕದಾಯಿತು. ಆದರೆ ಅಷ್ಟು ಕಿರಿದಾದ ಅಲೆಯನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ. ಆಷಾಢದ ಮಳೆಯಲ್ಲಿ ಮಲೆನಾಡಿನ ಮನೆಗಳಲ್ಲಿ ಚಿತ್ರ ನಿಂತುಹೋಗುವುದು ತಟ್ಟೆಯ ದೋಷದಿಂದಲ್ಲ. ಚಿಕ್ಕತನದ ಕರಾರಿನಲ್ಲಿಯೇ ಆ ಷರತ್ತು ಬರೆದಿದೆ.

ದೊಡ್ಡ ಆಂಟೆನಾಗಳ ಕಾಲ ಮುಗಿಯಿತೆಂದು ತಿಳಿದವರು ಗೌರಿಬಿದನೂರಿಗೆ ಹೋಗಿ ಬರಬಹುದು. 1970ರ ದಶಕದಲ್ಲಿ ಅಲ್ಲಿ ಸಾವಿರ ಆಂಟೆನಾಗಳನ್ನು ‘ಟಿ’ ಆಕಾರದಲ್ಲಿ 1.4 ಕಿಲೋಮೀಟರ್ ಉದ್ದಕ್ಕೆ ಹರಡಿ ನಕ್ಷತ್ರಲೋಕದ ದನಿಯನ್ನು ಆಲಿಸಿದರು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 2008ರ ಚಂದ್ರಯಾನಕ್ಕಾಗಿ ಕಟ್ಟಿದ 32 ಮೀಟರಿನ ತಟ್ಟೆಯಿದೆ. ಮಂಗಳಗ್ರಹಕ್ಕೆ ಹೋದ ನಮ್ಮ ನೌಕೆ 2.2 ಮೀಟರಿನ ತಟ್ಟೆಯಿಂದ ಮಾತನಾಡಬಲ್ಲದಾಗಿದ್ದದ್ದು ಇಲ್ಲಿ ಇಂಥ ದೊಡ್ಡ ಕಿವಿಯಿದ್ದುದರಿಂದ. ಕಡಲಾಳದ ಜಲಾಂತರ್ಗಾಮಿಗಳಿಗೆ ಸುದ್ದಿ ಮುಟ್ಟಿಸಲು ಇಂದಿಗೂ ಗ್ರಿಮೆಟಾನಿನಂಥ ಉದ್ದನೆಯ ಅಲೆಯೇ ಬೇಕು. ಉಪ್ಪುನೀರನ್ನು ಹೊಕ್ಕು ಹೋಗುವುದು ಅದೊಂದೇ. 1990ರಿಂದ ತಿರುನೆಲ್ವೇಲಿಯ ಬಳಿ ಅದಕ್ಕಾಗಿ ಒಂದು ಕೇಂದ್ರವಿದೆ. ಎರಡನೆಯದಕ್ಕೆ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಅರಣ್ಯದಲ್ಲಿ 2024ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕೆ ತೆಗೆದಿಟ್ಟ ನೆಲ ಸುಮಾರು 2,900 ಎಕರೆ. ಮರಗಳು ಹೋಗುತ್ತವೆಂದು ಸುತ್ತಿನ ಜನ ವಿರೋಧಿಸಿದರು. ಚಿಕ್ಕ ಆಂಟೆನಾ ಎಂಬುದು ವಿದ್ವಾಂಸರ ಚರ್ಚೆಯ ವಸ್ತು ಮಾತ್ರವಲ್ಲ. ಅದು ಸಾಧ್ಯವಾಗದೆ ಹೋದ ಕಡೆ ಕಾಡು ಅದರ ಬೆಲೆಯನ್ನು ತೆರುತ್ತದೆ.

ಹಾಗಾದರೆ ಯಂತ್ರಶಾಸ್ತ್ರದ ಭರವಸೆಗಳನ್ನು ನಂಬಬೇಕೆ, ಬೇಡವೆ? ಈ ಚರಿತ್ರೆಯನ್ನು ನೋಡಿದವರು ಎರಡರಲ್ಲಿ ಒಂದನ್ನು ಹೇಳಿ ಕೈತೊಳೆದುಕೊಳ್ಳಲಾರರು. ಟ್ರಾನ್ಸಿಸ್ಟರು ಮಾತು ಉಳಿಸಿಕೊಂಡಿತು, ತಂತಿಬಲೆಯ ತಟ್ಟೆ ಉಳಿಸಿಕೊಂಡಿತು, ಫೋನೂ ಉಳಿಸಿಕೊಂಡಿತು. ಇವುಗಳ ಹಿಂದೆ ಹೊರೆ ಎಲ್ಲಿಗೆ ಹೋಯಿತೆಂಬುದಕ್ಕೆ ಲೆಕ್ಕವಿತ್ತು: ಪ್ರಸಾರಕೇಂದ್ರಕ್ಕೆ, ಉಪಗ್ರಹಕ್ಕೆ, ಗೋಪುರಕ್ಕೆ. ಹೊರೆಯೇ ಇಲ್ಲವೆಂದು ಸಾರಿದ ಆಂಟೆನಾ ಮಾತ್ರ ಮಾತು ತಪ್ಪಿತು. ಆದ್ದರಿಂದ ಮುಂದೆ ಯಾವನಾದರೂ ಹೊಸ ಯಂತ್ರವನ್ನು ಹೊತ್ತು ತಂದು, ಇದು ಹಿಂದಿನದಕ್ಕಿಂತ ಚಿಕ್ಕದು, ಹಗುರವಾದದ್ದು, ಅಗ್ಗವಾದದ್ದು ಎಂದಾಗ, ಅವನನ್ನು ಹೀಗಳೆಯಬೇಕಾಗಿಲ್ಲ. ಕುಳ್ಳಿರಿಸಿ ಒಂದು ಮಾತು ಕೇಳಿದರೆ ಸಾಕು. ಇಲ್ಲಿಂದ ಇಳಿದ ಭಾರ ಎಲ್ಲಿ ಏರಿದೆ, ಆ ಹೆಗಲು ಯಾರದು, ಅವರು ಅದನ್ನು ಒಪ್ಪಿಕೊಂಡಿದ್ದಾರೆಯೆ, ನಾಳೆ ಅವರು ಹೆಗಲು ಕೊಡವಿದರೆ ನಮ್ಮ ಗತಿಯೇನು? ಉತ್ತರ ಬಲ್ಲವನ ಯಂತ್ರವನ್ನು ಧಾರಾಳವಾಗಿ ಕೊಳ್ಳಬಹುದು. 1976ರ ಆಗಸ್ಟಿನಲ್ಲಿ ರಾಯಚೂರಿನ ಹಳ್ಳಿಗಳಲ್ಲಿ ಶಾಲೆಯ ಮುಂದೆ ಸಂಜೆ ಬಂದು ಕುಳಿತವರಿಗೆ ಈ ಪ್ರಶ್ನೆ ಪುಸ್ತಕದ್ದಾಗಿರಲಿಲ್ಲ.